ಮಾರಾಟಕ್ಕೆ ಬಂದ ಶೀತಲ ಸಮ್ಮಿಲನ: ಇ-ಕ್ಯಾಟ್ ಪ್ರಕರಣದ ಒಂದು ವಿಮರ್ಶೆ

ಶೀತಲ ಸಮ್ಮಿಲನ ಎಂದೊಡನೆ ಹಿರಿಯ ಅಧ್ಯಾಪಕರಿಗೆ 1989ರ ಮಾರ್ಚ್ 23 ನೆನಪಾಗಬಹುದು. ಆ ದಿನ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೈಷ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಎಂಬ ಇಬ್ಬರು ವಿದ್ಯುತ್ ರಸಾಯನ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದು, ಸೂರ್ಯನ ಒಡಲಲ್ಲಿ ನಡೆಯುವಂಥ ಕ್ರಿಯೆಯನ್ನು ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲಿ ನಡೆಸಿದ್ದೇವೆ ಎಂದು ಸಾರಿದರು. ಭಾರಜಲ, ಪೆಲೇಡಿಯಮ್ ಋಣಾಗ್ರ, ಪ್ಲಾಟಿನಮ್ ಧನಾಗ್ರ, ಒಂದಿಷ್ಟು ವಿದ್ಯುತ್ತು – ಇಷ್ಟೇ ಸಲಕರಣೆ. ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನು ಮಾಡಿನೋಡಲು ಹೊರಟವು. ಬಹುಪಾಲು ಪ್ರಯೋಗಾಲಯಗಳಿಗೆ ಏನೂ ಸಿಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಇಂಧನ ಇಲಾಖೆ ನೇಮಿಸಿದ ಸಮಿತಿ, ಒಪ್ಪತಕ್ಕ ಸಾಕ್ಷ್ಯವಿಲ್ಲ ಎಂದು ವರದಿ ಕೊಟ್ಟಿತು.

ಈ ಕಥೆ ನಿಮಗೆ ಗೊತ್ತಿದ್ದದ್ದೇ. ಇಲ್ಲಿ ಹೇಳಹೊರಟಿರುವುದು ಅದರ ಎರಡನೆಯ ಅಧ್ಯಾಯವನ್ನು. ಪ್ರಯೋಗಾಲಯದಲ್ಲಿ ಸಾಬೀತಾಗದೆ ಉಳಿದ ವಿಷಯವೊಂದನ್ನು ಖಾಸಗಿ ಕಂಪನಿಗಳು ಸರಕಾಗಿ ಮಾರುಕಟ್ಟೆಗೆ ತರಲು ಹೊರಟಾಗ ಏನಾಯಿತು? ಅದರಲ್ಲಿ ಹೈಸ್ಕೂಲು, ಕಾಲೇಜುಗಳ ಪಾಠದಲ್ಲಿರುವ ಭೌತವಿಜ್ಞಾನದಿಂದಲೇ ಹಿಡಿಯಬಹುದಾದ ತಪ್ಪುಗಳು ಎಷ್ಟಿದ್ದವು? ವಿದ್ಯಾವಂತರೂ ಹಣವಂತರೂ ಅವನ್ನು ಏಕೆ ಹಿಡಿಯಲಿಲ್ಲ? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ತೊಂದರೆ ಎಲ್ಲಿದೆ?

ಮೊದಲು ತತ್ತ್ವದ ಮಾತು. ಎರಡು ನ್ಯೂಕ್ಲಿಯಸ್ಸುಗಳು ಧನ ವಿದ್ಯುದಂಶ ಹೊತ್ತಿರುವುದರಿಂದ ಪರಸ್ಪರ ದೂರ ತಳ್ಳುತ್ತವೆ. ಅವು ಬೆಸೆದುಕೊಳ್ಳಬೇಕಾದರೆ ಈ ವಿಕರ್ಷಣೆಯ ಗೋಡೆಯನ್ನು ದಾಟಬೇಕು. ಡ್ಯೂಟೀರಿಯಮ್ ನ್ಯೂಕ್ಲಿಯಸ್ಸುಗಳ ನಡುವೆ ಈ ಗೋಡೆಯ ಎತ್ತರ ಕೆಲವು ಲಕ್ಷ ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಒಂದು ಕಣಕ್ಕಿರುವ ಶಕ್ತಿಯಾದರೋ ಎಲೆಕ್ಟ್ರಾನ್ ವೋಲ್ಟಿನ ನಲವತ್ತರಲ್ಲಿ ಒಂದು ಪಾಲು ಮಾತ್ರ. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಗೋಡೆಯನ್ನು ಕೊರೆದು ದಾಟುವ ಅವಕಾಶ ಇದೆಯಾದರೂ ಇಷ್ಟು ಕಡಿಮೆ ಶಕ್ತಿಯಲ್ಲಿ ಅದರ ಸಂಭವ ಇಲ್ಲವೆನ್ನುವಷ್ಟು ಸಣ್ಣದು.

ಎರಡನೆಯ ತೊಂದರೆ ಇನ್ನೂ ಸರಳ. ಡ್ಯೂಟೀರಿಯಮ್ ಸಮ್ಮಿಲನ ನಡೆದರೆ ಸುಮಾರು ಅರ್ಧ ಸಲ ಹೀಲಿಯಮ್-3 ಮತ್ತು ನ್ಯೂಟ್ರಾನ್ ಹುಟ್ಟುತ್ತವೆ, ಉಳಿದರ್ಧ ಸಲ ಟ್ರಿಟಿಯಮ್ ಮತ್ತು ಪ್ರೋಟಾನ್. ಲೆಕ್ಕ ಹಾಕಿದರೆ ಹೀಗೆ ಹುಟ್ಟುವ ಪ್ರತಿಯೊಂದು ವಾಟ್ ಶಾಖಕ್ಕೂ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಟ್ರಾನ್‌ಗಳು ಹೊರಬರಬೇಕು. ಕೆಲವು ವಾಟ್ ಶಾಖ ಬಂತೆಂದರೆ ಪಕ್ಕದಲ್ಲಿ ನಿಂತವರಿಗೆ ಅಪಾಯ ತಪ್ಪಿದ್ದಲ್ಲ. ಯೂಟಾದಲ್ಲಿ ಅಂಥದ್ದೇನೂ ಆಗಲಿಲ್ಲ. ಆದ್ದರಿಂದ ‘ಹೆಚ್ಚುವರಿ ಶಾಖ ಬಂತು’ ಎಂಬ ಮಾತು ನಿಜವಿದ್ದರೂ ಅದನ್ನು ಪರಿಚಿತ ಸಮ್ಮಿಲನದಿಂದ ವಿವರಿಸುವಂತಿರಲಿಲ್ಲ.

ಹಾಗೆಂದು ಎಲ್ಲರೂ ಕೈಬಿಡಲಿಲ್ಲ. ನಮ್ಮ ದೇಶದಲ್ಲಿ ಪಿ. ಕೆ. ಅಯ್ಯಂಗಾರ್ ಅವರ ನೇತೃತ್ವದಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದ ಹಲವು ತಂಡಗಳು 1989ರಲ್ಲಿಯೇ ಪ್ರಯೋಗ ನಡೆಸಿ ಟ್ರಿಟಿಯಮ್ ಮತ್ತು ನ್ಯೂಟ್ರಾನ್ ಕಂಡಿದ್ದಾಗಿ ವರದಿ ಮಾಡಿದವು. ಟೊಯೊಟಾ ಸಮೂಹದ ನೆರವಿನಿಂದ ಫ್ರಾನ್ಸಿನಲ್ಲಿ ಪ್ರಯೋಗಾಲಯವೊಂದು 1990ರ ದಶಕದಲ್ಲಿ ಕೆಲಸ ಮಾಡಿ 1998ರಲ್ಲಿ ಮುಚ್ಚಿತು. 2004ರಲ್ಲಿ ಅಮೆರಿಕದ ಇಂಧನ ಇಲಾಖೆ ಎರಡನೆಯ ಸಲ ಪರಿಶೀಲಿಸಿತು. ತೀರ್ಮಾನ ಮೊದಲಿನದಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲ. ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆ 2015ರ ಫೆಬ್ರವರಿಯಲ್ಲಿ ಈ ವಿಷಯಕ್ಕೆ ವಿಶೇಷ ವಿಭಾಗವನ್ನೇ ಮೀಸಲಿಟ್ಟಿತು. ಅಂದರೆ ಪ್ರಶ್ನೆ ಕೇಳುವವರು ಇದ್ದೇ ಇದ್ದರು. ಸಂದೇಹ ಪಡುವವರೂ ಇದ್ದರು. ವಿಜ್ಞಾನದಲ್ಲಿ ಇದು ಸಹಜ. ಸಂಗತಿ ಬೇರೆ ದಿಕ್ಕು ಹಿಡಿದದ್ದು ಕರಾರುಪತ್ರ ಮಧ್ಯೆ ಬಂದಾಗ.

ಇ-ಕ್ಯಾಟ್ ಬಂದ ಬಗೆ

2011ರ ಜನವರಿ 14ರಂದು ಇಟಲಿಯ ಬೊಲೋನ್ಯಾ ನಗರದಲ್ಲಿ ಆಂಡ್ರಿಯಾ ರಾಸಿ ಎಂಬ ಉದ್ಯಮಿ ಒಂದು ಯಂತ್ರದ ಪ್ರದರ್ಶನ ಏರ್ಪಡಿಸಿದರು. ಅದಕ್ಕೆ ‘ಎನರ್ಜಿ ಕ್ಯಾಟಲೈಸರ್’ ಎಂದು ಹೆಸರು, ಚುಟುಕಾಗಿ ಇ-ಕ್ಯಾಟ್. ಜತೆಯಲ್ಲಿದ್ದವರು ಬೊಲೋನ್ಯಾ ವಿಶ್ವವಿದ್ಯಾಲಯದ ನಿವೃತ್ತ ಭೌತವಿಜ್ಞಾನಿ ಸೆರ್ಜಿಯೊ ಫೋಕಾರ್ಡಿ. ಕೊಳವೆಯೊಳಗೆ ನಿಕ್ಕಲ್ ಪುಡಿ, ಅದರ ಮೇಲೆ ಒತ್ತಡದಲ್ಲಿ ಹೈಡ್ರೊಜನ್, ಗುಟ್ಟಾಗಿಟ್ಟ ಒಂದು ಕ್ರಿಯಾವರ್ಧಕ, ಕಾಯಿಸಲು ವಿದ್ಯುತ್ ತಂತಿ. ಹೊರಗಿನ ಪದರದಲ್ಲಿ ನೀರು ಹರಿದು ಆವಿಯಾಗಿ ಹೊರಬರುತ್ತದೆ. ಸುಮಾರು ಒಂದು ಕಿಲೋವಾಟ್ ವಿದ್ಯುತ್ತು ಒಳಹೋದರೆ ಸುಮಾರು ಹನ್ನೆರಡು ಕಿಲೋವಾಟ್ ಶಾಖ ಹೊರಬರುತ್ತದೆ; ನಿಕ್ಕಲ್ ನ್ಯೂಕ್ಲಿಯಸ್ಸು ಪ್ರೋಟಾನನ್ನು ನುಂಗಿ ತಾಮ್ರವಾಗುತ್ತದೆ – ಇದು ಅವರ ಪ್ರತಿಪಾದನೆ.

ಇಲ್ಲಿ ಗೋಡೆ ಇನ್ನೂ ಎತ್ತರ ಎಂಬುದನ್ನು ಗಮನಿಸಿ. ನಿಕ್ಕಲ್ ನ್ಯೂಕ್ಲಿಯಸ್ಸಿನಲ್ಲಿ 28 ಪ್ರೋಟಾನ್‌ಗಳಿವೆ. ಅದರ ಹತ್ತಿರ ಹೋಗುವ ಪ್ರೋಟಾನಿಗೆ ಎದುರಾಗುವ ವಿಕರ್ಷಣೆ ಹಲವು ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನಷ್ಟು. ಆದರೂ ‘ತತ್ತ್ವ ಒಪ್ಪುವುದಿಲ್ಲ’ ಎಂಬ ಒಂದೇ ಕಾರಣಕ್ಕೆ ಅಳತೆಯನ್ನು ತಳ್ಳಿಹಾಕುವುದು ಸರಿಯಲ್ಲ. ಪ್ರಕೃತಿ ನಮ್ಮ ತತ್ತ್ವವನ್ನು ಮೀರಬಹುದು. ಆದ್ದರಿಂದ ಅಳತೆಯನ್ನೇ ಪರೀಕ್ಷಿಸೋಣ.

ಆವಿ ಒಣಗಿತ್ತೇ?

ಒಂದು ಕಿಲೋಗ್ರಾಂ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 314 ಕಿಲೋಜೂಲ್ ಸಾಕು. ಅದೇ ನೀರನ್ನು 100 ಡಿಗ್ರಿಯಲ್ಲಿಯೇ ಪೂರ್ತಿ ಆವಿ ಮಾಡಲು ಇನ್ನೂ 2257 ಕಿಲೋಜೂಲ್ ಬೇಕು. ಗುಪ್ತೋಷ್ಣದ ಪಾಠ ಮಾಡುವಾಗ ಈ ಅಂಕಿಗಳನ್ನು ನೀವು ಕರಿಹಲಗೆಯ ಮೇಲೆ ಬರೆದಿರುತ್ತೀರಿ. ಒಟ್ಟು 2571 ಕಿಲೋಜೂಲ್.

ಈಗ ಯೋಚಿಸಿ. ಯಂತ್ರಕ್ಕೆ ಒಳಬಂದ ನೀರೆಲ್ಲ ಆವಿಯಾಗಿ ಹೊರಹೋಯಿತು ಎಂದು ಊಹಿಸಿಕೊಂಡು ನೀವು ಶಾಖದ ಲೆಕ್ಕ ಬರೆಯುತ್ತೀರಿ. ನಿಜವಾಗಿ ಅದರಲ್ಲಿ ಬಹುಪಾಲು ಕುದಿನೀರಾಗಿಯೇ ಹೊರಹೋಗಿದ್ದರೆ? 2571ನ್ನು 314ರಿಂದ ಭಾಗಿಸಿ: ಎಂಟಕ್ಕೂ ಹೆಚ್ಚು. ಅಂದರೆ ಯಾವ ನ್ಯೂಕ್ಲಿಯ ಕ್ರಿಯೆಯೂ ಇಲ್ಲದ ಸಾಮಾನ್ಯ ವಿದ್ಯುತ್ ಹೀಟರು ಕೂಡ ಎಂಟು ಪಟ್ಟು ಶಕ್ತಿ ಕೊಡುವ ಪವಾಡ ಯಂತ್ರವಾಗಿ ಕಾಣುತ್ತದೆ.

ಹೊರಬರುವ ಆವಿ ಒಣಗಿದೆ ಎಂದು ತೋರಿಸಲು ಪ್ರದರ್ಶನಗಳಲ್ಲಿ ಗಾಳಿಯ ಆರ್ದ್ರತೆ ಅಳೆಯುವಂಥ ಶೋಧಕವನ್ನು ಬಳಸಿದರು. ಅದು ಆವಿಯಲ್ಲಿ ತೇಲುವ ನೀರಿನ ಹನಿಗಳನ್ನು ಅಳೆಯುವ ಸಾಧನವಲ್ಲ. ‘ಆವಿಯ ಗಾತ್ರದಲ್ಲಿ ಶೇಕಡಾ ಒಂದರಷ್ಟು ಮಾತ್ರ ನೀರು’ ಎಂದು ಯಾರಾದರೂ ಹೇಳಿದರೆ ಸಮಾಧಾನ ಪಡಬೇಡಿ. 100 ಡಿಗ್ರಿಯಲ್ಲಿ ಒಂದು ಘನ ಮೀಟರ್ ಆವಿಯ ತೂಕ ಸುಮಾರು 0.6 ಕಿಲೋಗ್ರಾಂ. ಅದೇ ಉಷ್ಣತೆಯ ನೀರಿನ ತೂಕ ಘನ ಮೀಟರಿಗೆ ಸುಮಾರು 958 ಕಿಲೋಗ್ರಾಂ. ಆದ್ದರಿಂದ ಒಂದು ಘನ ಮೀಟರ್ ಮಿಶ್ರಣದಲ್ಲಿ ಶೇಕಡಾ ಒಂದು ಭಾಗ ನೀರಿದ್ದರೆ ಆ ನೀರಿನ ತೂಕ 9.6 ಕಿಲೋಗ್ರಾಂ, ಆವಿಯದು ಕೇವಲ 0.6. ಗಾತ್ರದಲ್ಲಿ ನೂರಕ್ಕೆ ಒಂದು, ತೂಕದಲ್ಲಿ ನೂರಕ್ಕೆ 94! ಗುಪ್ತೋಷ್ಣದ ಲೆಕ್ಕ ನಿಲ್ಲುವುದು ತೂಕದ ಮೇಲೆ.

ಹೀಗೇ ಆಯಿತು ಎಂದು ನಾನು ಸಾಧಿಸುತ್ತಿಲ್ಲ. ಹೀಗಾಗಿರುವ ಸಾಧ್ಯತೆಯನ್ನು ಅಳತೆಯ ಮೂಲಕ ತಳ್ಳಿಹಾಕಿರಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ. ತಳ್ಳಿಹಾಕುವುದು ಕಷ್ಟವೇನಾಗಿರಲಿಲ್ಲ. ಹೊರಬರುವ ಆವಿಯ ಕೊಳವೆಯನ್ನು ತೂಕ ಗೊತ್ತಿರುವ ತಣ್ಣೀರಿನ ಪೀಪಾಯಿಯಲ್ಲಿ ಮುಳುಗಿಸಿ, ಹತ್ತು ನಿಮಿಷದಲ್ಲಿ ಉಷ್ಣತೆ ಎಷ್ಟು ಏರಿತೆಂದು ನೋಡಿದ್ದರೆ ಸಾಕಿತ್ತು. ಪಿಯುಸಿ ವಿದ್ಯಾರ್ಥಿ ತಾಮ್ರದ ಕ್ಯಾಲೊರಿಮಾಪಕದಲ್ಲಿ ಮಾಡುವ ಮಿಶ್ರಣ ವಿಧಾನದ ಪ್ರಯೋಗ ಅದು. ಅದೇ ವರ್ಷ ಅಕ್ಟೋಬರ್ 6ರ ಪರೀಕ್ಷೆಯಲ್ಲಿ ಶಾಖ ವಿನಿಮಯಕವನ್ನೇನೋ ಜೋಡಿಸಿದರು. ಆದರೆ ತಣ್ಣೀರು ಬಿಸಿಯಾಗಿ ಹೊರಬರುವಲ್ಲಿ ಇಡಬೇಕಾದ ಉಷ್ಣಯುಗ್ಮವನ್ನು ಬಿಸಿ ಆವಿ ಒಳಬರುವ ಲೋಹದ ಭಾಗಕ್ಕೆ ತೀರ ಹತ್ತಿರದಲ್ಲಿ ಇಟ್ಟರು. ಅದು ತೋರಿಸಿದ್ದು ನೀರಿನ ಉಷ್ಣತೆಯೋ ಲೋಹದ ಉಷ್ಣತೆಯೋ ಎಂಬ ಜಗಳ ಹಾಗೆಯೇ ಉಳಿಯಿತು.

ತಾಮ್ರ ಎಲ್ಲಿಂದ ಬಂತು?

ನ್ಯೂಕ್ಲಿಯ ಕ್ರಿಯೆ ನಡೆದಿದ್ದರೆ ಬೂದಿಯಲ್ಲಿ ಅದರ ಗುರುತು ಇರಲೇಬೇಕು. ಸ್ವೀಡನ್ನಿನ ಭೌತವಿಜ್ಞಾನಿ ಸ್ವೆನ್ ಕುಲಾಂಡರ್ ಅವರಿಗೆ ರಾಸಿ ಎರಡು ಮಾದರಿಗಳನ್ನು ಕೊಟ್ಟರು: ಒಂದು ಬಳಸದ ಪುಡಿ, ಇನ್ನೊಂದು ಬಳಸಿದ್ದು. ಬಳಸಿದ ಪುಡಿಯಲ್ಲಿ ಶೇಕಡಾ 10ರಷ್ಟು ತಾಮ್ರ, ಶೇಕಡಾ 11ರಷ್ಟು ಕಬ್ಬಿಣ ಇತ್ತೆಂದು 2011ರ ಏಪ್ರಿಲ್‌ನಲ್ಲಿ ವರದಿಯಾಯಿತು. ಬೆಂಬಲಿಗರು ಹಿಗ್ಗಿದರು.

ಈಗ ಸಮಸ್ಥಾನಿಗಳ ಪಟ್ಟಿಯನ್ನು ತೆಗೆಯಿರಿ. ನಿಸರ್ಗದ ನಿಕ್ಕಲ್‌ನಲ್ಲಿ ಶೇಕಡಾ 68ರಷ್ಟು ನಿಕ್ಕಲ್-58, ಶೇಕಡಾ 26ರಷ್ಟು ನಿಕ್ಕಲ್-60. ನಿಕ್ಕಲ್-62 ಶೇಕಡಾ 3.6 ಮಾತ್ರ, ನಿಕ್ಕಲ್-64 ಶೇಕಡಾ 0.9. ತಾಮ್ರಕ್ಕೆ ಸ್ಥಿರ ಸಮಸ್ಥಾನಿಗಳು ಎರಡೇ: 63 ಮತ್ತು 65. ಒಂದು ಪ್ರೋಟಾನ್ ಸೇರಿ ಇವು ಹುಟ್ಟಬೇಕಾದರೆ ಮೂಲ ನಿಕ್ಕಲ್-62 ಮತ್ತು 64 ಆಗಿರಬೇಕು. ಇವೆರಡೂ ಒಂದೂ ಬಿಡದಂತೆ ತಾಮ್ರವಾದರೂ ಸಿಗುವುದು ಶೇಕಡಾ 4.5ರಷ್ಟು. ಶೇಕಡಾ 10 ಬಂದದ್ದು ಹೇಗೆ?

ಉಳಿದ ನಿಕ್ಕಲ್ ಸಹ ಪ್ರೋಟಾನ್ ನುಂಗಿತು ಎನ್ನೋಣ. ಆಗ ನಿಕ್ಕಲ್-58 ತಾಮ್ರ-59 ಆಗುತ್ತದೆ. ಅದರ ಅರ್ಧಾಯು ಸುಮಾರು 82 ಸೆಕೆಂಡು. ನಿಕ್ಕಲ್-60 ತಾಮ್ರ-61 ಆಗುತ್ತದೆ. ಅದರ ಅರ್ಧಾಯು ಸುಮಾರು 3.3 ಗಂಟೆ. ಎರಡೂ ಪಾಸಿಟ್ರಾನ್ ಹೊರಸೂಸುತ್ತವೆ. ಪಾಸಿಟ್ರಾನ್ ಎಲೆಕ್ಟ್ರಾನಿನೊಡನೆ ಸೇರಿ ಅಳಿದಾಗ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣಗಳು ಹುಟ್ಟುತ್ತವೆ. ಕಿಲೋವಾಟ್‌ಗಟ್ಟಲೆ ಶಾಖ ಕೊಟ್ಟ ಯಂತ್ರ ಆರಿಸಿದ ಮೇಲೂ ಗಂಟೆಗಟ್ಟಲೆ ಪ್ರಬಲವಾಗಿ ವಿಕಿರಣಶೀಲವಾಗಿರಬೇಕಿತ್ತು. ಅಂಥ ವಿಕಿರಣ ಪತ್ತೆಯಾಗಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ನಿಕ್ಕಲ್-62 ಮತ್ತು 64ರಿಂದ ತಾಮ್ರ ಹುಟ್ಟಿ, ಎರಡೂ ಪೂರ್ತಿ ಖರ್ಚಾದರೆ ತಾಮ್ರ-63 ಮತ್ತು 65ರ ಪ್ರಮಾಣ ಸರಿಸುಮಾರು 80ಕ್ಕೆ 20 ಆಗಬೇಕು. ಗಣಿಯಿಂದ ಬರುವ ತಾಮ್ರದಲ್ಲಿ ಅದು 69ಕ್ಕೆ 31. ಸ್ವೀಡನ್ನಿನ ವಿಶ್ಲೇಷಣೆಯಲ್ಲಿ ಕಂಡದ್ದು ಗಣಿಯ ತಾಮ್ರದ ಪ್ರಮಾಣವೇ. ನ್ಯೂಕ್ಲಿಯಸ್ಸಿನಲ್ಲಿ ಹುಟ್ಟಿದ ತಾಮ್ರ ಅಂಗಡಿಯ ತಾಮ್ರವನ್ನೇ ಹೋಲಿದರೆ ನೀವು ಏನೆಂದು ತೀರ್ಮಾನಿಸುವಿರಿ?

ಕ್ಯಾಮೆರಾ ಕಂಡ ಉಷ್ಣತೆ

ಆವಿಯ ಆಕ್ಷೇಪಕ್ಕೆ ಉತ್ತರವೆಂಬಂತೆ ಮುಂದಿನ ಪರೀಕ್ಷೆಗಳಲ್ಲಿ ನೀರನ್ನೇ ಬಿಟ್ಟರು. 2014ರ ವಸಂತದಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಇಟಲಿ, ಸ್ವೀಡನ್‌ಗಳ ವಿಜ್ಞಾನಿಗಳ ಸಮ್ಮುಖದಲ್ಲಿ ಯಂತ್ರ 32 ದಿನ ಓಡಿತು. ಅಲ್ಯುಮಿನಾ ಕೊಳವೆಯೊಳಗೆ ಒಂದು ಗ್ರಾಂ ಇಂಧನ. ಹೊರಮೈಯ ಉಷ್ಣತೆಯನ್ನು ಅವಕೆಂಪು ಕ್ಯಾಮೆರಾದಿಂದ ಅಳೆದು, ಅದರಿಂದ ವಿಕಿರಣಗೊಂಡ ಶಾಖವನ್ನು ಲೆಕ್ಕ ಹಾಕುವುದು ವಿಧಾನ. ಒಳಹೋದದ್ದಕ್ಕಿಂತ 3.2ರಿಂದ 3.6 ಪಟ್ಟು ಶಕ್ತಿ ಬಂತೆಂದು ವರದಿ ಹೇಳಿತು.

ಅವಕೆಂಪು ಕ್ಯಾಮೆರಾ ಉಷ್ಣತೆಯನ್ನು ನೇರವಾಗಿ ನೋಡುವುದಿಲ್ಲ. ಅದು ನೋಡುವುದು ತನ್ನ ಸೀಮಿತ ತರಂಗಾಂತರದ ಪಟ್ಟಿಯಲ್ಲಿ ಬರುವ ವಿಕಿರಣವನ್ನು. ಆ ಮೇಲ್ಮೈಯ ಉತ್ಸರ್ಜಕತೆ ಎಷ್ಟು ಎಂದು ನಾವು ಹೇಳಿಕೊಟ್ಟರೆ ಅದು ಉಷ್ಣತೆಯನ್ನು ಲೆಕ್ಕ ಮಾಡಿ ತೋರಿಸುತ್ತದೆ. ಅಲ್ಯುಮಿನಾ ಈ ವಿಷಯದಲ್ಲಿ ತುಂಟ ವಸ್ತು. ಎಲ್ಲ ತರಂಗಾಂತರಗಳನ್ನೂ ಸೇರಿಸಿದಾಗ ಹೆಚ್ಚಿನ ಉಷ್ಣತೆಯಲ್ಲಿ ಅದರ ಉತ್ಸರ್ಜಕತೆ 0.4ರ ಹತ್ತಿರ, ಆದರೆ ಕ್ಯಾಮೆರಾ ನೋಡುವ ಪಟ್ಟಿಯಲ್ಲಿ 0.9ರ ಆಸುಪಾಸು. ಕ್ಯಾಮೆರಾಗೆ ಎರಡನೆಯ ಅಂಕಿಯನ್ನು ಕೊಡಬೇಕಾದಲ್ಲಿ ಮೊದಲನೆಯದನ್ನು ಕೊಟ್ಟರೆ ಅದು ‘ಇಷ್ಟು ಕಡಿಮೆ ಉತ್ಸರ್ಜಿಸುವ ವಸ್ತುವಿನಿಂದ ಇಷ್ಟೊಂದು ವಿಕಿರಣ ಬರುತ್ತಿದೆಯೆಂದರೆ ಅದು ಬಹಳ ಬಿಸಿಯಿರಬೇಕು’ ಎಂದು ತಿಳಿಯುತ್ತದೆ. ವರದಿ ಬಂದ ಮೇಲೆ ಹಲವರು ಎತ್ತಿ ತೋರಿಸಿದ್ದು ಈ ತಪ್ಪನ್ನೇ.

ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದಂತೆ ವಿಕಿರಣ ಶಾಖ ಕೆಲ್ವಿನ್ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿದೆ. ಉಷ್ಣತೆಯಲ್ಲಿ ಶೇಕಡಾ 10ರ ತಪ್ಪಾದರೆ ಶಾಖದಲ್ಲಿ ಶೇಕಡಾ 46ರ ತಪ್ಪು. ಇದನ್ನು ಹಿಡಿಯುವ ದಾರಿ ಒಂದೇ: ಇಂಧನವಿಲ್ಲದ ಖಾಲಿ ಕೊಳವೆಯನ್ನೂ ಅಷ್ಟೇ ಉಷ್ಣತೆಗೆ ಕಾಯಿಸಿ, ಅದೇ ಕ್ಯಾಮೆರಾದಿಂದ ನೋಡಿ ಹೋಲಿಸುವುದು. ಲುಗಾನೊದಲ್ಲಿ ಖಾಲಿ ಕೊಳವೆಯನ್ನು ಬಹಳ ಕಡಿಮೆ ಉಷ್ಣತೆಯಲ್ಲಿ ಮಾತ್ರ ಪರೀಕ್ಷಿಸಿ ಬಿಟ್ಟರು.

ಬೂದಿಯಲ್ಲಿ ಈ ಸಲ ತಾಮ್ರದ ಮಾತಿಲ್ಲ. ನಿಕ್ಕಲ್ ಬಹುತೇಕ ಪೂರ್ತಿಯಾಗಿ ನಿಕ್ಕಲ್-62 ಆಗಿತ್ತೆಂದು ವಿಶ್ಲೇಷಣೆ ತೋರಿಸಿತು. ಆಶ್ಚರ್ಯದ ಸಂಗತಿಯೇ. ಆದರೆ ಇಂಧನ ತುಂಬುವಾಗಲೂ ಕೊನೆಯಲ್ಲಿ ಬೂದಿ ತೆಗೆಯುವಾಗಲೂ ರಾಸಿಯವರೇ ಕೈಹಾಕಿದ್ದರೆಂದು ವರದಿಯೇ ಹೇಳುತ್ತದೆ. ಬೇರ್ಪಡಿಸಿದ ನಿಕ್ಕಲ್-62 ದುಬಾರಿಯಾದರೂ ಹಣ ಕೊಟ್ಟರೆ ಸಿಗುವ ವಸ್ತು. ಯಾರ ಮೇಲೂ ಅಪವಾದ ಹೊರಿಸದೆಯೂ ಇಷ್ಟು ಹೇಳಬಹುದು: ಮಾದರಿಯನ್ನು ಹಕ್ಕುದಾರನೇ ಮುಟ್ಟಿದ ಪರೀಕ್ಷೆಯನ್ನು ಸ್ವತಂತ್ರ ಪರೀಕ್ಷೆ ಎನ್ನುವಂತಿಲ್ಲ.

ಕರಾರು ಮತ್ತು ಕಟಕಟೆ

ಇಷ್ಟರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ‘ಇಂಡಸ್ಟ್ರಿಯಲ್ ಹೀಟ್’ ಎಂಬ ಕಂಪನಿ ಹುಟ್ಟಿತು. ಅದರ ಮುಂದಾಳು ಟಾಮ್ ಡಾರ್ಡೆನ್. ಮಲಿನಗೊಂಡ ಜಮೀನುಗಳನ್ನು ಕೊಂಡು ಸ್ವಚ್ಛಗೊಳಿಸುವ ವ್ಯವಹಾರದಲ್ಲಿ ಹೆಸರು ಮಾಡಿದ್ದವರು. 2012ರ ಅಕ್ಟೋಬರಿನಲ್ಲಿ ರಾಸಿಯವರೊಂದಿಗೆ ಕರಾರು ಆಯಿತು. ಮೊದಲು 15 ಲಕ್ಷ ಡಾಲರ್, ಪ್ರಾಥಮಿಕ ಪರೀಕ್ಷೆಯ ನಂತರ ಒಂದು ಕೋಟಿ ಡಾಲರ್, ಯಂತ್ರ ದೀರ್ಘಕಾಲ ಖಾತರಿಯಂತೆ ನಡೆದರೆ 8 ಕೋಟಿ 90 ಲಕ್ಷ ಡಾಲರ್. ಮೊದಲ ಎರಡು ಕಂತುಗಳು ಪಾವತಿಯಾದವು. 2015ರ ಆಗಸ್ಟಿನಲ್ಲಿ ರಾಸಿಯವರಿಗೆ ಅಮೆರಿಕದ ಪೇಟೆಂಟೂ ಸಿಕ್ಕಿತು. ಅದರ ಶೀರ್ಷಿಕೆ ‘ದ್ರವ ಕಾಯಿಸುವ ಸಾಧನ’ ಎಂದು. ನ್ಯೂಕ್ಲಿಯ ಸಮ್ಮಿಲನದ ಹಕ್ಕು ಅದರಲ್ಲಿಲ್ಲ. ಪೇಟೆಂಟ್ ಸಿಕ್ಕಿತೆಂದರೆ ಸಿದ್ಧಾಂತ ಸಾಬೀತಾಯಿತು ಎಂದು ತಿಳಿಯುವವರು ಇದನ್ನು ನೆನಪಿಡಬೇಕು.

ಕೊನೆಯ ಪರೀಕ್ಷೆ ಫ್ಲಾರಿಡಾದ ಡೊರಾಲ್‌ನಲ್ಲಿ 2015ರ ಫೆಬ್ರವರಿಯಿಂದ ಒಂದು ವರ್ಷ ನಡೆಯಿತು. ಒಂದು ಮೆಗಾವಾಟ್ ಸ್ಥಾವರ. ಗೋಡೆಯಾಚೆ ಆವಿಯನ್ನು ಕೊಳ್ಳುವ ‘ಗ್ರಾಹಕ’ ಕಂಪನಿ. ಒಳಹೋದ ಶಕ್ತಿಯ ಐವತ್ತು ಪಟ್ಟಿಗಿಂತ ಹೆಚ್ಚು ಹೊರಬಂತೆಂದು ರಾಸಿ ಹೇಳಿಕೊಂಡರು. ಇಂಡಸ್ಟ್ರಿಯಲ್ ಹೀಟ್ ಹಣ ಕೊಡಲು ಒಪ್ಪಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಯತ್ನಿಸಿದರೂ ಈ ಫಲಿತಾಂಶಗಳನ್ನು ದೃಢಪಡಿಸಿಕೊಳ್ಳಲು ತಮ್ಮಿಂದಾಗಿಲ್ಲ ಎಂದಿತು. 2016ರ ಏಪ್ರಿಲ್‌ನಲ್ಲಿ ರಾಸಿ ನ್ಯಾಯಾಲಯಕ್ಕೆ ಹೋದರು. ಕಂಪನಿ ಪ್ರತಿದಾವೆ ಹೂಡಿತು.

ವಿಚಾರಣೆಗಾಗಿ ಹೊರಬಂದ ದಾಖಲೆಗಳು ಓದುವಂತಿವೆ. ಗ್ರಾಹಕ ಕಂಪನಿಯ ಅಧ್ಯಕ್ಷರು ರಾಸಿಯವರದೇ ವಕೀಲರಾಗಿದ್ದರು. ಸ್ಥಾವರದ ಮೂಲಕ ಹರಿದ ನೀರು ದಿನಕ್ಕೆ 36,000 ಕಿಲೋಗ್ರಾಂ ಎಂದು ದಿನವೂ ಒಂದೇ ಅಂಕಿ, ವಾರಗಟ್ಟಲೆ ಒಂದಿಷ್ಟೂ ವ್ಯತ್ಯಾಸವಿಲ್ಲದೆ ದಾಖಲಾಗಿದೆ ಎಂದು ಕಂಪನಿಯ ತಂತ್ರಜ್ಞರು ಆಕ್ಷೇಪಿಸಿದ್ದರು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಇಂಥ ದಾಖಲೆ ಪುಸ್ತಕ ತಂದರೆ ನೀವು ಸಹಿ ಹಾಕುವಿರಾ?

ಇಲ್ಲಿಯೂ ನಾವೇ ಲೆಕ್ಕ ಮಾಡಬಹುದು. 36,000 ಕಿಲೋಗ್ರಾಂ ನೀರನ್ನು ಒಂದು ದಿನದಲ್ಲಿ ಆವಿ ಮಾಡಲು ಬೇಕಾದ ಗುಪ್ತೋಷ್ಣವನ್ನು 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 940 ಕಿಲೋವಾಟ್. ‘ಒಂದು ಮೆಗಾವಾಟ್’ ಬರುವುದು ಹೀಗೆ. ಹರಿದ ನೀರು ಅಷ್ಟಿರದಿದ್ದರೆ, ಅಥವಾ ಅದು ಪೂರ್ತಿ ಆವಿಯಾಗಿರದಿದ್ದರೆ, ಇಡೀ ಅಂಕಿ ಕುಸಿಯುತ್ತದೆ. ಬೊಲೋನ್ಯಾದ ಮೊದಲ ದಿನದ ಪ್ರಶ್ನೆ ನಾಲ್ಕು ವರ್ಷಗಳ ಬಳಿಕವೂ ಹಾಗೆಯೇ ಇತ್ತು!

ಇನ್ನೊಂದು ಪ್ರಶ್ನೆಗೆ ಮಾಪಕವೇ ಬೇಡ. ಆ ಶಾಖ ಹೋದದ್ದೆಲ್ಲಿಗೆ? 25 ಮೀಟರ್ ಉದ್ದ, 20 ಮೀಟರ್ ಅಗಲ, 10 ಮೀಟರ್ ಎತ್ತರದ ಒಂದು ಉಗ್ರಾಣವನ್ನು ಊಹಿಸಿಕೊಳ್ಳಿ. ಅದರೊಳಗಿನ ಗಾಳಿಯ ತೂಕ ಸುಮಾರು 6,000 ಕಿಲೋಗ್ರಾಂ. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 6,000 ಕಿಲೋಜೂಲ್ ಬೇಕು. ಸೆಕೆಂಡಿಗೆ 1,000 ಕಿಲೋಜೂಲ್ ಸುರಿದರೆ ಆರು ಸೆಕೆಂಡಿಗೊಂದು ಡಿಗ್ರಿ, ನಿಮಿಷಕ್ಕೆ ಹತ್ತು ಡಿಗ್ರಿ! ಗೋಡೆ, ನೆಲಗಳು ಒಂದಿಷ್ಟು ಹೀರಿಕೊಂಡರೂ ಸ್ವಲ್ಪ ಹೊತ್ತಿನಲ್ಲಿಯೇ ಒಳಗೆ ಮನುಷ್ಯರು ನಿಲ್ಲುವಂತಿರಲಿಲ್ಲ. ಆದ್ದರಿಂದ ಒಂದು ಮೆಗಾವಾಟನ್ನು ನಿಜವಾಗಿ ಹೊರಹಾಕಲು ದೊಡ್ಡ ಏರ್ಪಾಡೇ ಬೇಕು. ಅಂಥ ಶಾಖ ವಿನಿಮಯಕವನ್ನು ತಾವು ಕಟ್ಟಿದ್ದು, ಆಮೇಲೆ ಬಿಚ್ಚಿ ತೆಗೆದದ್ದು ನಿಜ ಎಂಬುದು ರಾಸಿಯವರ ವಾದ. ಅದನ್ನು ಕಂಪನಿ ಒಪ್ಪಲಿಲ್ಲ.

ನ್ಯಾಯಾಲಯ ಈ ವಿವಾದವನ್ನು ತೀರ್ಮಾನಿಸಲಿಲ್ಲ. 2017ರ ಜುಲೈಯಲ್ಲಿ, ವಿಚಾರಣೆ ಶುರುವಾದ ಕೆಲವೇ ದಿನಗಳಲ್ಲಿ, ಇಬ್ಬರೂ ರಾಜಿಯಾದರು. ಪರವಾನಗಿ ರಾಸಿಯವರಿಗೆ ಹಿಂದಿರುಗಿತು. ಉಳಿದ ಹಣ ಅವರಿಗೆ ಬರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅವರು ಸ್ಟಾಕ್‌ಹೋಮಿನಲ್ಲಿ ಇ-ಕ್ಯಾಟ್‌ನ ಹೊಸ ಮಾದರಿಯೊಂದನ್ನು ಪ್ರದರ್ಶಿಸಿದರು.

ಎಡವಿದವರು ಯಾರು?

ಒಬ್ಬ ಉದ್ಯಮಿಯ ಮೇಲೆ ಎಲ್ಲ ಹೊಣೆ ಹೊರಿಸಿ ಎದ್ದುಹೋಗುವುದು ಸುಲಭ. ಅದರಿಂದ ಕಲಿಯುವುದು ಕಡಿಮೆ.

ಮೊದಲು, ವಿಜ್ಞಾನಿಗಳು. ಪ್ರದರ್ಶನಕ್ಕೆ ಹೋದ ಪ್ರಾಧ್ಯಾಪಕರು ಅತಿಥಿಗಳಾಗಿ ಹೋದರು, ಪರೀಕ್ಷಕರಾಗಿ ಅಲ್ಲ. ಯಂತ್ರ ಬೇರೆಯವರದು, ಕೋಣೆ ಬೇರೆಯವರದು, ಮಾಪಕಗಳನ್ನು ಎಲ್ಲಿಡಬೇಕೆಂದು ಹೇಳುವವರೂ ಬೇರೆಯವರು. ಹಾಗಿದ್ದೂ ತಮ್ಮ ಹೆಸರನ್ನು ಕೊಟ್ಟರು. ಹೂಡಿಕೆದಾರರು ನೋಡಿದ್ದು ಲೆಕ್ಕವನ್ನಲ್ಲ, ಆ ಹೆಸರುಗಳ ಹಿಂದಿದ್ದ ವಿಶ್ವವಿದ್ಯಾಲಯಗಳನ್ನು.

ಎರಡನೆಯದಾಗಿ, ಕಂಪನಿ. ಯಂತ್ರ ಸರಿಯೆಂದಾದರೆ ಮಾರುವವನಿಗೆ 8 ಕೋಟಿ 90 ಲಕ್ಷ ಡಾಲರ್ ಸಿಗುವ ಪರೀಕ್ಷೆಯನ್ನು ಮಾರುವವನ ಉಸ್ತುವಾರಿಯಲ್ಲಿಯೇ ನಡೆಯಗೊಡುವುದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನವಲ್ಲ. ಒಂದು ಕೋಟಿ ಡಾಲರ್ ಕೊಡುವ ಮೊದಲು ಒಂದು ಪೀಪಾಯಿ ತಣ್ಣೀರು, ಒಂದು ತಕ್ಕಡಿ, ಒಂದು ಉಷ್ಣತಾಮಾಪಕ ತೆಗೆದುಕೊಂಡು ಹೋಗಬಹುದಿತ್ತು.

ಮೂರನೆಯದಾಗಿ, ಹಣ. ಬ್ರಿಟನ್ನಿನ ನೀಲ್ ವುಡ್‌ಫರ್ಡ್ ನಿರ್ವಹಿಸುತ್ತಿದ್ದ ನಿಧಿಗಳು ಇಂಡಸ್ಟ್ರಿಯಲ್ ಹೀಟ್‌ನಲ್ಲಿ ಹೂಡಿಕೆ ಮಾಡಿದ್ದವು. ಆ ನಿಧಿಗಳಲ್ಲಿ ಸಾಮಾನ್ಯ ಜನರ ಉಳಿತಾಯವಿತ್ತು. 2019ರ ಜೂನ್‌ನಲ್ಲಿ ಅವರ ಮುಖ್ಯ ನಿಧಿಯಿಂದ ಹಣ ವಾಪಸು ಪಡೆಯುವುದನ್ನೇ ನಿಲ್ಲಿಸಬೇಕಾಯಿತು. ಅದಕ್ಕೆ ಕಾರಣಗಳು ಹಲವು. ಈ ಒಂದು ಕಂಪನಿಯೇ ಕಾರಣವಲ್ಲ. ಆದರೂ ನಿವೃತ್ತಿಯ ದಿನಗಳಿಗೆಂದು ಹಣ ಕೂಡಿಟ್ಟವನಿಗೆ ತನ್ನ ದುಡ್ಡು ಶೀತಲ ಸಮ್ಮಿಲನದ ಬೆನ್ನು ಹತ್ತಿದೆ ಎಂಬುದು ಗೊತ್ತಿತ್ತೇ ಎಂದು ಕೇಳಲೇಬೇಕು.

ನಾಲ್ಕನೆಯ ನಷ್ಟ ಸಂಶೋಧನೆಯದೇ. ಲೋಹಗಳಲ್ಲಿ ಹೈಡ್ರೊಜನ್ ಹೇಗೆ ವರ್ತಿಸುತ್ತದೆ ಎಂಬುದು ಗಂಭೀರವಾದ ವಿಷಯ. ಇಂಥ ಪ್ರಕರಣವೊಂದು ಸುದ್ದಿಯಾದಾಗ ಆ ಕ್ಷೇತ್ರದಲ್ಲಿ ಪ್ರಾಮಾಣಿಕವಾಗಿ ದುಡಿಯುವ ಯುವ ಸಂಶೋಧಕನ ಅರ್ಜಿಯೂ ಕಸದ ಬುಟ್ಟಿ ಸೇರುತ್ತದೆ.

ಇನ್ನೊಂದು ಬಗೆ

ಅದೇ ಕ್ಷೇತ್ರದಲ್ಲಿ ಬೇರೆ ರೀತಿಯಲ್ಲಿಯೂ ಕೆಲಸ ನಡೆದಿದೆ. ಗೂಗಲ್ ಕಂಪನಿಯೇ 2015ರಿಂದ ಹಣ ಕೊಟ್ಟು ಸುಮಾರು 30 ಸಂಶೋಧಕರಿಂದ ಶೀತಲ ಸಮ್ಮಿಲನದ ಹಳೆಯ ಪ್ರತಿಪಾದನೆಗಳನ್ನು ಮತ್ತೆ ಪರೀಕ್ಷೆ ಮಾಡಿಸಿತು. 2019ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಸಾಕ್ಷ್ಯ ಸಿಗಲಿಲ್ಲ. ಸಿಗಲಿಲ್ಲ ಎಂದು ಒಪ್ಪಿಕೊಂಡು, ಉತ್ತಮ ಕ್ಯಾಲೊರಿಮಾಪಕಗಳನ್ನೂ ವಿಧಾನಗಳನ್ನೂ ಬಿಟ್ಟುಹೋದರು. ಅದೂ ಖಾಸಗಿ ಹಣವೇ. ಆದ್ದರಿಂದ ದೋಷ ‘ಖಾಸಗಿ’ ಎಂಬುದರಲ್ಲಿಲ್ಲ.

2025ರ ಆಗಸ್ಟಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಅದೇ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಪ್ರಕಟಿಸಿತು. ಪೆಲೇಡಿಯಮ್ ತಟ್ಟೆಯ ಮೇಲೆ ಒಂದು ಕಡೆಯಿಂದ ಡ್ಯೂಟೀರಿಯಮ್ ಅಯಾನುಗಳನ್ನು ಹಾಯಿಸಿ, ಇನ್ನೊಂದು ಕಡೆಯಿಂದ ವಿದ್ಯುದ್ವಿಭಜನೆಯ ಮೂಲಕ ಡ್ಯೂಟೀರಿಯಮ್ ತುಂಬಿದಾಗ ಸಮ್ಮಿಲನದ ದರ ಸರಾಸರಿ ಶೇಕಡಾ 15ರಷ್ಟು ಏರಿತು. ಇದಕ್ಕೆ ಸಾಕ್ಷಿ ನ್ಯೂಟ್ರಾನ್‌ಗಳು. ಇಲ್ಲಿ ಅಯಾನುಗಳಿಗೆ ಹೊರಗಿನಿಂದ ವೇಗ ಕೊಟ್ಟಿರುವುದರಿಂದ ಇದು 1989ರ ಪ್ರತಿಪಾದನೆಯಲ್ಲ. ಒಳಹೋದ ವಿದ್ಯುತ್ತು 15 ವಾಟ್. ಸಮ್ಮಿಲನದಿಂದ ಬಂದದ್ದು ಒಂದು ವಾಟಿನ ನೂರು ಕೋಟಿಯಲ್ಲಿ ಒಂದು ಪಾಲು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಶಕ್ತಿಮೂಲ ಸಿಕ್ಕಿತೆಂದು ಹೇಳಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ ಐವತ್ತು ಪಟ್ಟು ಶಕ್ತಿ. ಆದರೆ ನ್ಯೂಟ್ರಾನ್ ಇಲ್ಲ, ಗಾಮಾ ಇಲ್ಲ, ಬೇರೆ ಪ್ರಯೋಗಾಲಯದಲ್ಲಿ ಮರುಪ್ರಯೋಗ ಇಲ್ಲ. ಇನ್ನೊಂದು ಕಡೆ ಶೇಕಡಾ 15ರ ಏರಿಕೆ. ಜತೆಗೆ ಎಣಿಸಿದ ನ್ಯೂಟ್ರಾನ್‌ಗಳು, ತೆರೆದಿಟ್ಟ ವಿಧಾನ. ವಿಜ್ಞಾನದ ದಾರಿಯಲ್ಲಿ ಮುಂದಕ್ಕೆ ಸಾಗಿರುವುದು ಎರಡನೆಯದು.

ತರಗತಿಯಲ್ಲಿ

‘ಕಡಿಮೆ ವಿದ್ಯುತ್ತು ಕೊಟ್ಟರೆ ಹೆಚ್ಚು ಶಕ್ತಿ ಕೊಡುವ ಯಂತ್ರ’ದ ಸುದ್ದಿ ನಮ್ಮ ಊರುಗಳಿಗೂ ಆಗಾಗ ಬರುತ್ತಲೇ ಇರುತ್ತದೆ. ವಿದ್ಯಾರ್ಥಿಗಳು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಆಗ ಹೌದು, ಅಲ್ಲ ಎಂದು ಹೇಳುವ ಮೊದಲು ಈ ಪ್ರಶ್ನೆಗಳನ್ನು ಅವರಿಂದಲೇ ಕೇಳಿಸಿ:

1. ಒಳಹೋದ ಶಕ್ತಿಯನ್ನು ಅಳೆದವರು ಯಾರು, ಹೊರಬಂದದ್ದನ್ನು ಅಳೆದವರು ಯಾರು? ಅವರ ಹಣ ಯಾರಿಂದ ಬರುತ್ತದೆ?
2. ಅಳೆದದ್ದು ಏನನ್ನು, ಊಹಿಸಿದ್ದು ಏನನ್ನು? ಆವಿಯ ಒಣತನದಂತೆ ಲೆಕ್ಕದಲ್ಲಿ ಅಡಗಿರುವ ಊಹೆ ಯಾವುದು?
3. ಇಂಧನವಿಲ್ಲದ ಯಂತ್ರವನ್ನು ಅದೇ ಸ್ಥಿತಿಯಲ್ಲಿ ಓಡಿಸಿ ಹೋಲಿಸಿದ್ದಾರೆಯೇ?
4. ಹೇಳುವ ಕ್ರಿಯೆ ನಡೆದಿದ್ದರೆ ಇನ್ನೇನೇನು ಕಾಣಿಸಬೇಕಿತ್ತು? ಅದು ಕಾಣಿಸಿತೇ?
5. ಯಂತ್ರ ಮಾಡಿದವರ ನೆರವಿಲ್ಲದೆ ಇನ್ನೊಬ್ಬರು ಅದನ್ನು ಕಟ್ಟಿ ಓಡಿಸಿದ್ದಾರೆಯೇ?

ಐದರಲ್ಲಿ ಯಾವುದಕ್ಕೂ ಪದವಿ ಬೇಡ. ಮುಂದಿನ ಸಲ ಗುಪ್ತೋಷ್ಣದ ಪ್ರಯೋಗ ಮಾಡಿಸುವಾಗ ಆವಿಯ ಕೊಳವೆಗೆ ನೀರು ಹಿಡಿಯುವ ಪುಟ್ಟ ಸಾಧನವನ್ನು ಏಕೆ ಜೋಡಿಸುತ್ತೇವೆ ಎಂದು ವಿದ್ಯಾರ್ಥಿಗಳನ್ನು ಕೇಳಿ. ಅದನ್ನು ತೆಗೆದು ಒಮ್ಮೆ, ಇಟ್ಟು ಒಮ್ಮೆ ಪ್ರಯೋಗ ಮಾಡಿಸಿ. ಎರಡು ಉತ್ತರಗಳೂ ಬೇರೆಯಾಗುತ್ತವೆ. ಆವಿಯೊಂದಿಗೆ ಬಂದ ಹನಿ ನೀರು ಗುಪ್ತೋಷ್ಣವನ್ನು ತರುವುದಿಲ್ಲ ಎಂಬುದು ಅವರಿಗೆ ಮನವರಿಕೆಯಾಗುತ್ತದೆ. ಆಮೇಲೆ ಬೊಲೋನ್ಯಾದ ಕಥೆಯನ್ನು ಹೇಳಿ.